ಹೊಟ್ಟೆಯ ಬೊಜ್ಜು ಹೊಟ್ಟೆಗೇ ಮಾಡುವ ಕೇಡು

(ತುಮಕೂರಿನಲ್ಲಿ ಬೆಳಗಿನ ನಡಿಗೆಯ ಗೆಳೆಯರು ಸೇರಿ ಏರ್ಪಡಿಸಿದ್ದ ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಸಭಿಕರ ಪ್ರಶ್ನೆಗಳನ್ನು ಅವು ಬಂದ ಜಾಗದಲ್ಲೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಆಹ್ವಾನ ಪತ್ರಿಕೆಯಲ್ಲಿ ‘ಹೊಟ್ಟೆ ಕರಗಿಸುವುದು ಹೇಗೆ’ ಎಂದು ಅಚ್ಚು ಹಾಕಿಸಿದ್ದಾರೆ. ಅದನ್ನು ನಂಬಿ ಬಂದವರು ದಯವಿಟ್ಟು ಎದ್ದು ಹೋಗಬೇಡಿ, ಆ ಮಾತೂ ಬರುತ್ತದೆ, ಆದರೆ ಕೊನೆಗೆ. ಹೊಟ್ಟೆ ಬಂದರೆ ಸಕ್ಕರೆ ಕಾಯಿಲೆ, ಬಿ.ಪಿ., ಹೃದಯದ ತೊಂದರೆ ಎಂಬುದು ನಿಮಗೆಲ್ಲ ಬಾಯಿಪಾಠವಾಗಿದೆ. ಅದೇ ಬೊಜ್ಜು ಹೊಟ್ಟೆಯೊಳಗಿನ ಅಂಗಗಳಿಗೆ ಏನು ಮಾಡುತ್ತದೆ ಎಂದು ಕೇಳಿದರೆ ಮಾತ್ರ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಉತ್ತರ ಬರುತ್ತದೆ.

ಜೀರ್ಣಾಂಗಗಳ ಕಾಯಿಲೆ ನೋಡುವ ನನಗೆ ಕಾಯಿಲೆ ಬಂದವರನ್ನು ಕಂಡರೆ ಗಾಬರಿಯಿಲ್ಲ. ಪಿತ್ತಕೋಶದಲ್ಲಿ ಕಲ್ಲು ತೆಳ್ಳಗಿನವರಿಗೂ ಆಗುತ್ತದೆ. ಎದೆಯುರಿ ಯಾರಿಗೆ ಇಲ್ಲ? ಗಾಬರಿಯಾಗುವುದು ಸಾಮಾನ್ಯವಾಗಿ ವಾಸಿಯಾಗಬೇಕಾದ ಕಾಯಿಲೆ ನೋಡನೋಡುತ್ತಿದ್ದಂತೆ ಕೈಮೀರಿದಾಗ. ಹಾಗೆ ಕೈಮೀರಿದವರ ಸ್ಕ್ಯಾನ್ ತೆಗೆದು ನೋಡಿದರೆ ಅನೇಕ ಸಲ ಕಾಣುವುದು ಕರುಳಿನ ಸುತ್ತ ಒತ್ತಾಗಿ ತುಂಬಿದ ಕೊಬ್ಬು. ಇವತ್ತು ನಾನು ಹೇಳಬೇಕೆಂದಿರುವುದು ಇದನ್ನೇ: ಹೊಟ್ಟೆಯ ಬೊಜ್ಜು ಕೆಲವು ಕಾಯಿಲೆಗಳನ್ನು ತರುತ್ತದೆ, ಅದಕ್ಕಿಂತ ಹೆಚ್ಚಾಗಿ ಬಂದ ಕಾಯಿಲೆಯನ್ನು ಕೆಡಿಸುತ್ತದೆ.

ಯಾವ ಬೊಜ್ಜು ಎಂಬುದನ್ನು ಮೊದಲು ತಿಳಿದುಕೊಳ್ಳೋಣ. ಹೊಟ್ಟೆಯ ಚರ್ಮವನ್ನು ಬೆರಳಲ್ಲಿ ಹಿಡಿದರೆ ಸಿಗುತ್ತದಲ್ಲ, ಅದು ಚರ್ಮದಡಿಯ ಕೊಬ್ಬು. ಕನ್ನಡಿಯ ಮುಂದೆ ಬೇಸರ ತರುವುದು ಅದೇ, ಆದರೆ ಅದು ಮಾಡುವ ಹಾನಿ ಕಡಿಮೆ. ಸ್ನಾಯುಗಳ ಗೋಡೆ ದಾಟಿ ಒಳಗೆ ಹೋದರೆ ಕರುಳು, ಯಕೃತ್ತು, ಮೇದೋಜೀರಕ ಗ್ರಂಥಿಗಳ ಸುತ್ತ ಇನ್ನೊಂದು ಕೊಬ್ಬಿದೆ. ಅದನ್ನು ಒಳಬೊಜ್ಜು ಎನ್ನೋಣ. ಅದು ಕೈಗೆ ಸಿಗುವುದಿಲ್ಲ. ಕೆಲವರ ಹೊಟ್ಟೆ ದೊಡ್ಡದಾಗಿದ್ದರೂ ಮುಟ್ಟಿದರೆ ಗಟ್ಟಿ. ‘ನನ್ನದು ಬೊಜ್ಜಲ್ಲ ಡಾಕ್ಟರೇ, ಗಟ್ಟಿ ಹೊಟ್ಟೆ’ ಎಂದು ಹೆಮ್ಮೆಯಿಂದ ತಟ್ಟಿ ತೋರಿಸುತ್ತಾರೆ. ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಆ ಗಟ್ಟಿ ಹೊಟ್ಟೆಯೇ.

ಅಳೆಯುವುದು ಸುಲಭ. ದರ್ಜಿಯ ಟೇಪು ಸಾಕು. ಯಾರಾದರೂ ಒಬ್ಬರು ವೇದಿಕೆಗೆ ಬನ್ನಿ. (ನಿವೃತ್ತ ಮೇಷ್ಟರೊಬ್ಬರು ಬಂದರು.) ಬನ್ನಿ ಮೇಷ್ಟ್ರೇ, ಪ್ಯಾಂಟಿನ ಅಳತೆ ಎಷ್ಟು? 36 ಇಂಚು. ಅಂದರೆ 91 ಸೆಂಟಿಮೀಟರ್ ಮೇಲೆ ಸ್ವಲ್ಪ. ಈಗ ನೋಡಿ, ಇವರ ಬೆಲ್ಟು ಹೊಟ್ಟೆಯ ಕೆಳಗೆ ಜಾರಿ ಕುಳಿತಿದೆ. ಅಲ್ಲಿ ಅಳೆದರೆ ಅದು ಪ್ಯಾಂಟಿನ ಅಳತೆಯೇ ಹೊರತು ಸೊಂಟದ್ದಲ್ಲ. ಪಕ್ಕೆಯ ಕೊನೆಯ ಎಲುಬು ಎಲ್ಲಿ ಮುಗಿಯುತ್ತದೆ ಎಂದು ಬೆರಳಿನಿಂದ ಹುಡುಕಬೇಕು. ಸೊಂಟದ ಎಲುಬಿನ ಮೇಲಂಚು ಇಲ್ಲಿದೆ. ಇವೆರಡರ ನಟ್ಟನಡುವೆ ಟೇಪು ಸುತ್ತಬೇಕು. ಬಿಗಿಯಬಾರದು, ಶರ್ಟಿನ ಮೇಲೆ ಅಳೆಯಬಾರದು. ಕಾಲು ಜೋಡಿಸಿ ನಿಲ್ಲಿ, ಉಸಿರು ಸಹಜವಾಗಿ ಬಿಡಿ... ಮೇಷ್ಟ್ರೇ, ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ, ಇಲ್ಲಿ ಪರೀಕ್ಷೆಯ ಅಂಕ ಕೊಡುವುದಿಲ್ಲ. 101.

ಭಾರತೀಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಎಂಬುದು ನಮ್ಮ ದೇಶದ ತಜ್ಞರು ಇಟ್ಟುಕೊಂಡಿರುವ ಗೆರೆ. ನೆನಪಿಡಲು ಇನ್ನೂ ಸುಲಭದ ಲೆಕ್ಕ ಬೇಕಾದರೆ, ಸೊಂಟದ ಸುತ್ತಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆಯಿರಬೇಕು. ಮೇಷ್ಟರ ಎತ್ತರ 170, ಹಾಗಾದರೆ 85. ಇವರ ತೂಕ ಕೇಳಿದೆ, 68 ಕಿಲೋ. ತೂಕದ ಯಂತ್ರದ ಮೇಲೆ ನಿಂತರೆ ಇವರಿಗೆ ಯಾರೂ ಏನೂ ಹೇಳುವುದಿಲ್ಲ. ಟೇಪು ಮಾತ್ರ ಹೇಳುತ್ತದೆ.

ಇದು ಮೇಷ್ಟರೊಬ್ಬರ ಕಥೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಐಸಿಎಂಆರ್-ಇಂಡಿಯಾಬ್ ಎಂಬ ರಾಷ್ಟ್ರೀಯ ಸಮೀಕ್ಷೆಯ ಅಂಕಿಗಳು 2023ರಲ್ಲಿ ಪ್ರಕಟವಾದವು. ಒಟ್ಟು ತೂಕದ ಲೆಕ್ಕದಲ್ಲಿ ಸ್ಥೂಲಕಾಯದವರು ಶೇ. 28.6, ಹೊಟ್ಟೆ ಬೊಜ್ಜಿನವರು ಶೇ. 39.5. ತೂಕದ ಲೆಕ್ಕದಲ್ಲಿ ತಪ್ಪಿಸಿಕೊಂಡು ಟೇಪಿಗೆ ಸಿಕ್ಕಿಬೀಳುವವರು ಎಷ್ಟು ಜನ ಎಂದು ನೀವೇ ನೋಡಿ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೋ ಹಾಕಿಸಿದ್ದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 22.3, ಒಂದಿಷ್ಟೂ ವ್ಯತ್ಯಾಸವಿಲ್ಲ. ಮೈಯಲ್ಲಿದ್ದ ಕೊಬ್ಬು ಮಾತ್ರ ಯುಡ್ಕಿನ್ ಅವರದು ಶೇ. 9.1, ಯಾಜ್ಞಿಕ್ ಅವರದು ಶೇ. 21.2. ತೆಳ್ಳಗೆ ಕಾಣುವ ಭಾರತೀಯನ ಒಳಗೆ ಕೊಬ್ಬು ಅಡಗಿರುತ್ತದೆ ಎಂಬುದನ್ನು ಅಂಕಿಅಂಶಗಳ ಹತ್ತು ಪುಟಕ್ಕಿಂತ ಆ ಒಂದು ಫೋಟೋ ಚೆನ್ನಾಗಿ ಹೇಳಿತು.

ಒಳಬೊಜ್ಜು ಸುಮ್ಮನೆ ಬಿದ್ದಿರುವ ದಾಸ್ತಾನಲ್ಲ. ಅದು ಹಗಲೂ ರಾತ್ರಿ ಕೊಬ್ಬಿನ ಆಮ್ಲಗಳನ್ನೂ ಉರಿಯೂತ ಹುಟ್ಟಿಸುವ ರಾಸಾಯನಿಕಗಳನ್ನೂ ರಕ್ತಕ್ಕೆ ಬಿಡುತ್ತಿರುತ್ತದೆ. ಆ ರಕ್ತ ಎಲ್ಲಿಗೆ ಹೋಗುತ್ತದೆ ಎಂಬುದರಲ್ಲಿ ಇಡೀ ವಿಷಯ ಅಡಗಿದೆ. ಕೈಕಾಲಿನ ಕೊಬ್ಬಿನಿಂದ ಹೊರಟ ರಕ್ತ ಹೃದಯಕ್ಕೆ ಹೋಗಿ ಮೈಯೆಲ್ಲ ಹಂಚಿಹೋಗುತ್ತದೆ. ಕರುಳಿನ ಸುತ್ತಲಿನ ಕೊಬ್ಬಿನ ರಕ್ತಕ್ಕೆ ಆ ದಾರಿಯಿಲ್ಲ. ಅದು ಪೋರ್ಟಲ್ ಎಂಬ ಅಭಿಧಮನಿಯ ಮೂಲಕ ನೇರ ಯಕೃತ್ತಿಗೇ ಹೋಗಬೇಕು. ನಮ್ಮ ಜಿಲ್ಲೆಯ ಸರಪಳಿ ಕೆರೆಗಳನ್ನು ನೆನೆಸಿಕೊಳ್ಳಿ. ಮೇಲಿನ ಕೆರೆ ಕೋಡಿ ಬಿದ್ದರೆ ನೀರೆಲ್ಲ ನುಗ್ಗುವುದು ಕೆಳಗಿನ ಕೆರೆಗೆ. ಆ ನೀರು ಕೆಟ್ಟಿದ್ದರೆ ಮೊದಲು ಕೆಡುವುದೂ ಅದೇ. ಇಲ್ಲಿ ಆ ಕೆಳಗಿನ ಕೆರೆ ಯಕೃತ್ತು.

ಹಾಗಾಗಿ ಯಕೃತ್ತಿನಿಂದಲೇ ಶುರು ಮಾಡುತ್ತೇನೆ. ಫ್ಯಾಟಿ ಲಿವರ್ ಎಂಬ ಮಾತು ಕೇಳದವರು ಈಗ ಯಾರೂ ಇಲ್ಲ. ಬೇರೆ ಯಾವುದಕ್ಕೋ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದರೂ ವರದಿಯ ಕೊನೆಯಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’ ಎಂಬ ಸಾಲಿರುತ್ತದೆ. ಜನ ಇದನ್ನು ಎರಡು ರೀತಿ ತೆಗೆದುಕೊಳ್ಳುತ್ತಾರೆ. ಕೆಲವರು ಲಿವರ್ ಹೋಯಿತೆಂದು ಅಳುತ್ತಾರೆ. ಉಳಿದವರು ‘ಎಲ್ಲರಿಗೂ ಇರುತ್ತದೆ ಬಿಡಿ’ ಎಂದು ವರದಿಯನ್ನು ಬೀರುವಿನ ಮೇಲೆ ಎಸೆಯುತ್ತಾರೆ. ಎರಡೂ ಸರಿಯಲ್ಲ. ಯಕೃತ್ತಿನ ಜೀವಕೋಶಗಳಲ್ಲಿ ಶೇ. 5ಕ್ಕಿಂತ ಹೆಚ್ಚು ಕಡೆ ಕೊಬ್ಬು ತುಂಬಿದರೆ ಅದು ಫ್ಯಾಟಿ ಲಿವರ್. ಹೆಚ್ಚಿನವರಲ್ಲಿ ಅದು ಅಲ್ಲಿಗೇ ನಿಲ್ಲುತ್ತದೆ. ಕೆಲವರಲ್ಲಿ ಉರಿಯೂತ ಶುರುವಾಗಿ, ಮಾಯುವಾಗ ನಾರುಕಟ್ಟಿ, ವರ್ಷಗಳ ಮೇಲೆ ಯಕೃತ್ತು ಗಂಟುಗಂಟಾಗಿ ಸಿರೋಸಿಸ್ ಆಗುತ್ತದೆ. ಜೀವನದಲ್ಲಿ ಒಂದು ಹನಿ ಹೆಂಡ ಮುಟ್ಟದವರಿಗೂ ಆಗುತ್ತದೆ. ಮನೆಯವರು ‘ಕುಡಿಯುವುದೇ ಇಲ್ಲವಲ್ಲ ಸ್ವಾಮಿ’ ಎಂದು ಕೈಮುಗಿದು ಹೇಳುವುದನ್ನು ಕೇಳಿದರೆ ಸಂಕಟವಾಗುತ್ತದೆ. ಕುಡಿಯುವವರಿಗೆ ಹೊಟ್ಟೆಯ ಬೊಜ್ಜೂ ಸೇರಿದರೆ ಎರಡು ಹಾನಿಗಳು ಕೂಡಿಕೊಳ್ಳುವುದಿಲ್ಲ, ಗುಣಿಸಿಕೊಳ್ಳುತ್ತವೆ.

(ಮುಂದಿನ ಸಾಲಿನಿಂದ ಒಬ್ಬ ತಾಯಿ: ‘ನಮ್ಮ ಯಜಮಾನರಿಗೆ ಗ್ರೇಡ್ 2 ಇತ್ತು, ಈಗ 1 ಆಗಿದೆ. ಅಂದರೆ ವಾಸಿಯಾಯಿತೇ?’)

ಒಳ್ಳೆಯ ಪ್ರಶ್ನೆ ಅಮ್ಮ. ಸ್ಕ್ಯಾನಿಂಗ್‌ನ ಗ್ರೇಡು ಕೊಬ್ಬು ಎಷ್ಟು ಬೆಳ್ಳಗೆ ಕಾಣುತ್ತಿದೆ ಎಂಬುದನ್ನಷ್ಟೇ ಹೇಳುತ್ತದೆ. ನಾರು ಎಷ್ಟು ಕಟ್ಟಿದೆ ಎಂಬುದನ್ನು ಹೇಳುವುದಿಲ್ಲ, ನಮಗೆ ಬೇಕಾದದ್ದು ಅದು. ಕಾಯಿಲೆ ಸಿರೋಸಿಸ್ ಹಂತಕ್ಕೆ ಹೋದಾಗ ಕೊಬ್ಬು ಕಡಿಮೆಯಾಗಿ ಕಾಣುವುದೂ ಉಂಟು. ನಾರಿನ ಅಂದಾಜಿಗೆ ಎಫ್‌ಐಬಿ-4 ಎಂಬ ಲೆಕ್ಕವಿದೆ. ವಯಸ್ಸು, ರಕ್ತಪರೀಕ್ಷೆಯಲ್ಲಿ ಬರುವ ಎಎಸ್‌ಟಿ, ಎಎಲ್‌ಟಿ ಎಂಬ ಯಕೃತ್ತಿನ ಕಿಣ್ವಗಳು, ಪ್ಲೇಟ್‌ಲೆಟ್ ಎಣಿಕೆ ಇಷ್ಟಿದ್ದರೆ ಸಾಕು, ಬೇರೆ ಖರ್ಚಿಲ್ಲ. 65 ವರ್ಷದೊಳಗಿನವರಿಗೆ 1.3ಕ್ಕಿಂತ ಕಡಿಮೆ ಬಂದರೆ ಸದ್ಯಕ್ಕೆ ನೆಮ್ಮದಿ. ಹೆಚ್ಚು ಬಂದರೆ ಯಕೃತ್ತು ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೊಸ್ಕ್ಯಾನ್ ಮಾಡಿಸುತ್ತೇವೆ. ಯಜಮಾನರ ಹಳೆಯ ರಕ್ತಪರೀಕ್ಷೆ ತನ್ನಿ, ಇಲ್ಲೇ ಲೆಕ್ಕ ಹಾಕಿ ಹೇಳುತ್ತೇನೆ. ಕೇಂದ್ರ ಸರ್ಕಾರ 2021ರಲ್ಲೇ ಫ್ಯಾಟಿ ಲಿವರನ್ನು ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದೆ. ಸಕ್ಕರೆ, ಬಿ.ಪಿ. ತಪಾಸಣೆಗೆ ಹೋದಾಗ ಇದನ್ನೂ ಕೇಳಿ.

ಸಿರೋಸಿಸ್ ಆದಮೇಲೂ ಬೊಜ್ಜು ತನ್ನ ಕೆಲಸ ಬಿಡುವುದಿಲ್ಲ. ಬೊಜ್ಜಿರುವ ಸಿರೋಸಿಸ್ ರೋಗಿಗಳಲ್ಲಿ ಹೊಟ್ಟೆಯಲ್ಲಿ ನೀರು ತುಂಬುವುದು, ರಕ್ತವಾಂತಿಯಾಗುವುದು ಬೇಗ. ಇನ್ನೊಂದು ಅಪಾಯವೆಂದರೆ ಹೊಟ್ಟೆ ದಪ್ಪವಾಗಿಯೇ ಇದ್ದು ತೋಳು ತೊಡೆ ಕೃಶವಾಗುವುದು. ಮನೆಯವರು ಹೊಟ್ಟೆ ನೋಡಿ ‘ಚೆನ್ನಾಗಿಯೇ ಇದ್ದಾರೆ’ ಎಂದುಕೊಳ್ಳುತ್ತಾರೆ. ನಾವು ನೋಡುವುದು ಹೆಗಲನ್ನು, ತೊಡೆಯನ್ನು. ಅಲ್ಲಿ ಮಾಂಸ ಕರಗಿದ್ದರೆ ಮುಂದಿನ ಸೋಂಕನ್ನು ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ.

ಈಗ ಮೇದೋಜೀರಕ ಗ್ರಂಥಿ. ಬೊಜ್ಜು ಕಾಯಿಲೆಯನ್ನು ಹೇಗೆ ಕೆಡಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. ಜಠರದ ಹಿಂದೆ ಅಡ್ಡಲಾಗಿ ಮಲಗಿರುವ ಈ ಗ್ರಂಥಿಗೆ ಇದ್ದಕ್ಕಿದ್ದಂತೆ ಉರಿಯೂತ ಬರುವುದುಂಟು. ಕಾರಣ ಹೆಚ್ಚಾಗಿ ಎರಡು, ಪಿತ್ತದ ಕಲ್ಲು ಅಥವಾ ಮದ್ಯ. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು 1000 ದಾಟಿದರೂ ಬರಬಹುದು. ಮೇಲುಹೊಟ್ಟೆಯಲ್ಲಿ ಹುಟ್ಟಿ ಬೆನ್ನಿಗೆ ಇರಿಯುವ ನೋವು, ಬಗ್ಗಿ ಕುಳಿತರೆ ಕೊಂಚ ಹಾಯೆನಿಸುತ್ತದೆ. ಹತ್ತರಲ್ಲಿ ಸುಮಾರು ಎಂಟು ಜನ ಗ್ಲೂಕೋಸ್, ನೋವಿನ ಔಷಧದಲ್ಲೇ ಒಂದು ವಾರದೊಳಗೆ ಮನೆಗೆ ಹೋಗುತ್ತಾರೆ.

ಉಳಿದ ಇಬ್ಬರಿಗೆ ಏನಾಗುತ್ತದೆ? ಒಬ್ಬರ ವಿಷಯ ಹೇಳುತ್ತೇನೆ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ವಾಪಸಾಗುವ ನಲವತ್ತರ ಆಸುಪಾಸಿನ ಉದ್ಯೋಗಿ. ನೋಡಿದರೆ ದಪ್ಪ ಎನ್ನುವಂತಿಲ್ಲ, ಹೊಟ್ಟೆ ಮಾತ್ರ ಮುಂದೆ. ಪಿತ್ತಕೋಶದಿಂದ ಜಾರಿದ್ದು ಸಾಸಿವೆ ಗಾತ್ರದ ಕಲ್ಲು. ಮೊದಲ ದಿನ ಮಾತನಾಡುತ್ತಿದ್ದರು, ರಜೆ ಎಷ್ಟು ದಿನ ಹಾಕಲಿ ಎಂದು ಕೇಳಿದ್ದರು. ಮೂರನೆಯ ದಿನಕ್ಕೆ ಉಸಿರಾಟ ಏರಿತು, ಮೂತ್ರ ಇಳಿಯಿತು, ರಕ್ತದ ಕ್ಯಾಲ್ಸಿಯಂ ಕುಸಿಯಿತು. ಸಿ.ಟಿ. ಸ್ಕ್ಯಾನಿನಲ್ಲಿ ಗ್ರಂಥಿಗಿಂತ ಅದರ ಸುತ್ತಲಿನ ಕೊಬ್ಬೇ ಹೆಚ್ಚು ಹಾಳಾಗಿತ್ತು. ಅವರು ಬದುಕಿದರು, ಆದರೆ ತೀವ್ರ ನಿಗಾ ಘಟಕದಿಂದ ಹೊರಬರಲು ವಾರಗಟ್ಟಲೆ ಹಿಡಿಯಿತು.

ಒಳಗೆ ನಡೆದದ್ದು ಇಷ್ಟು. ಈ ಗ್ರಂಥಿ ಲೈಪೇಸ್ ಎಂಬ ಕಿಣ್ವ ತಯಾರಿಸುತ್ತದೆ, ಅದರ ಕೆಲಸವೇ ಕೊಬ್ಬನ್ನು ಒಡೆಯುವುದು. ಗ್ರಂಥಿ ಉರಿದು ಸೋರಿದಾಗ ಆ ಕಿಣ್ವ ಊಟದ ಕೊಬ್ಬು, ಮೈಯ ಕೊಬ್ಬು ಎಂದು ಭೇದ ಮಾಡುವುದಿಲ್ಲ, ಸುತ್ತಲಿನ ಒಳಬೊಜ್ಜನ್ನೇ ಒಡೆಯತೊಡಗುತ್ತದೆ. ಹೊರಬಿದ್ದ ಕೊಬ್ಬಿನ ಆಮ್ಲಗಳು ಜೀವಕೋಶಗಳಿಗೆ ವಿಷ. ಅವು ರಕ್ತಕ್ಕೆ ಸೇರಿ ಶ್ವಾಸಕೋಶ, ಮೂತ್ರಪಿಂಡಗಳನ್ನು ಕೆಡಿಸುತ್ತವೆ. ಅದೇ ಆಮ್ಲಗಳು ಕ್ಯಾಲ್ಸಿಯಂ ಜೊತೆ ಸೇರಿ ಹೊಟ್ಟೆಯೊಳಗೆ ಅಕ್ಷರಶಃ ಸಾಬೂನು ಆಗುತ್ತವೆ. ಶಸ್ತ್ರಚಿಕಿತ್ಸಕರು ಹೊಟ್ಟೆ ತೆರೆದಾಗ ಕೊಬ್ಬಿನ ಮೇಲೆ ಕಾಣುವ ಸುಣ್ಣದ ಬಣ್ಣದ ಚುಕ್ಕೆಗಳು ಅವೇ. ಒಳಬೊಜ್ಜು ಕಡಿಮೆಯಿದ್ದವರಲ್ಲಿ ಆ ಕಿಣ್ವಕ್ಕೆ ಒಡೆಯಲು ಸಿಗುವುದೇ ಕಡಿಮೆ.

ಪಿತ್ತದ ಕಲ್ಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೊಜ್ಜಿದ್ದವರ ಪಿತ್ತರಸದಲ್ಲಿ ಕೊಲೆಸ್ಟ್ರಾಲ್ ಹೆಚ್ಚು, ಪಿತ್ತಕೋಶ ಹಿಂಡುವುದು ನಿಧಾನ, ಹಾಗಾಗಿ ಕಲ್ಲು ಸುಲಭ. ತೆಳ್ಳಗಿನವರಿಗೆ ಪಿತ್ತದ ತೊಂದರೆ ಬರುವುದಿಲ್ಲ ಎಂದೇನೂ ಅಲ್ಲ. ಸ್ಟೆಂಟ್, ಅಂದರೆ ಕಟ್ಟಿಕೊಂಡ ನಾಳವನ್ನು ತೆರೆದಿಡುವ ಸಣ್ಣ ಕೊಳವೆ, ಹೃದಯಕ್ಕೆ ಮಾತ್ರ ಎಂದುಕೊಂಡಿದ್ದ ನಮ್ಮ ಊರಿಗೆ ಪಿತ್ತನಾಳಕ್ಕೂ ಸ್ಟೆಂಟ್ ಹಾಕುತ್ತಾರೆ ಎಂದು ತಿಳಿದದ್ದು ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರ ಅನಾರೋಗ್ಯದ ದಿನಗಳಲ್ಲಿ. 2018ರ ಡಿಸೆಂಬರಿನಲ್ಲಿ ಚೆನ್ನೈನಲ್ಲಿ ಅವರಿಗೆ ಶಸ್ತ್ರಚಿಕಿತ್ಸೆಯಾದಾಗ ಇಡೀ ಜಿಲ್ಲೆ ವೈದ್ಯಕೀಯ ಪದಗಳನ್ನು ಕಲಿಯಿತು. ಅಷ್ಟು ಮಿತಾಹಾರಿಗಳಿಗೂ ಪಿತ್ತನಾಳದ ಕಾಯಿಲೆ ಬಂದಿತ್ತು. ಕಾಯಿಲೆ ಬರುವುದು ಯಾರ ಕೈಯಲ್ಲೂ ಪೂರ್ತಿ ಇಲ್ಲ ಎಂದು ನಾನು ಹೇಳುವುದು ಇದಕ್ಕೇ.

ಎದೆಯುರಿಗೆ ಬರೋಣ, ನಿಮ್ಮಲ್ಲಿ ಅರ್ಧ ಜನರ ಜೇಬಿನಲ್ಲಿ ಮಾತ್ರೆಯಿದೆ. ಹೊಟ್ಟೆಯೊಳಗೆ ಕೊಬ್ಬು ತುಂಬಿದಷ್ಟೂ ಒತ್ತಡ ಏರುತ್ತದೆ. ಆ ಒತ್ತಡ ಜಠರವನ್ನು ಮೇಲಕ್ಕೆ ತಳ್ಳುತ್ತದೆ, ಅನ್ನನಾಳದ ಕೆಳಬಾಯಿ ಸಡಿಲವಾಗುತ್ತದೆ, ಆಮ್ಲ ಮೇಲೆ ಬರುತ್ತದೆ. ಕೆಲವರಲ್ಲಿ ಜಠರದ ಮೇಲ್ಭಾಗವೇ ಹೊಟ್ಟೆ ಎದೆಗಳ ನಡುವಿನ ಸ್ನಾಯುವಿನ ಪರದೆಯಾದ ವಪೆಯನ್ನು ದಾಟಿ ಎದೆಗೂಡಿಗೆ ನುಸುಳುತ್ತದೆ. ಮಾತ್ರೆ ಆಮ್ಲವನ್ನು ಕಡಿಮೆ ಮಾಡುತ್ತದೆಯೇ ಹೊರತು ಒತ್ತಡವನ್ನಲ್ಲ. ವರ್ಷಗಟ್ಟಲೆ ಆಮ್ಲ ತಾಗಿದರೆ ಅನ್ನನಾಳದ ಒಳಪದರವೇ ಬದಲಾಗಿ, ಮುಂದೆ ಅಪರೂಪಕ್ಕೆ ಕ್ಯಾನ್ಸರ್‌ಗೆ ದಾರಿಯಾಗುತ್ತದೆ. ಹೆದರಿಸುತ್ತಿಲ್ಲ. ನಮ್ಮ ದೇಶದಲ್ಲಿ ಅನ್ನನಾಳದ ಕ್ಯಾನ್ಸರ್ ಹೆಚ್ಚಾಗಿ ತಂಬಾಕಿನ ಜೊತೆಗಿರುವ ಇನ್ನೊಂದು ಬಗೆಯದು. ಆದರೆ ನುಂಗಲು ಕಷ್ಟ, ತೂಕ ಇಳಿಕೆ, ಕಪ್ಪು ಮಲ, ರಕ್ತಹೀನತೆ ಇದ್ದರೆ ಅಂಗಡಿಯ ಮಾತ್ರೆ ಬಿಟ್ಟು ಎಂಡೋಸ್ಕೋಪಿ ಮಾಡಿಸಿ.

ಕ್ಯಾನ್ಸರ್ ಎಂದಾಗ ಒಂದು ಅಂಕಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಹೆಚ್ಚು ಕೊಬ್ಬಿನೊಂದಿಗೆ ಖಚಿತವಾಗಿ ನಂಟಿರುವ 13 ಕ್ಯಾನ್ಸರ್‌ಗಳನ್ನು ಪಟ್ಟಿ ಮಾಡಿತು. ಅವುಗಳಲ್ಲಿ ಆರು ಜೀರ್ಣಾಂಗದವು: ಅನ್ನನಾಳದ ಒಂದು ಬಗೆ, ಜಠರದ ಮೇಲ್ಭಾಗ, ದೊಡ್ಡಕರುಳು, ಯಕೃತ್ತು, ಪಿತ್ತಕೋಶ, ಮೇದೋಜೀರಕ ಗ್ರಂಥಿ.

ಶಸ್ತ್ರಚಿಕಿತ್ಸಕರನ್ನು ಕೇಳಿದರೆ ಅವರದು ಬೇರೆಯೇ ದೂರು. ಅಪೆಂಡಿಕ್ಸ್ ಇರಲಿ, ಕರುಳಿನ ಗಂಟಿರಲಿ, ಒಳಬೊಜ್ಜಿನ ನಡುವೆ ರಕ್ತನಾಳ ಹುಡುಕುವುದೇ ಕಷ್ಟ. ಹೊಲಿಗೆ ಕೀವು ಕಟ್ಟುವುದು, ಮಾಯ್ದ ಗಾಯದಲ್ಲಿ ಹರ್ನಿಯಾ ಏಳುವುದು ಹೆಚ್ಚು. ಕ್ರೋನ್ಸ್ ಎಂಬ ಕರುಳಿನ ಕಾಯಿಲೆಯಲ್ಲಂತೂ ಕೊಬ್ಬು ಕರುಳಿನ ರೋಗಗ್ರಸ್ತ ಭಾಗಕ್ಕೆ ಹಬ್ಬಿ ಅಪ್ಪಿಕೊಳ್ಳುತ್ತದೆ. ಶಸ್ತ್ರಚಿಕಿತ್ಸೆ ಮಾಡುವವರು ಯಾವ ಭಾಗ ಕೆಟ್ಟಿದೆ ಎಂದು ಗುರುತಿಸುವುದೇ ಆ ಕೊಬ್ಬು ನೋಡಿ.

ಸರಿ, ಕರಗಿಸುವ ಮಾತು. ಒಳಬೊಜ್ಜಿನ ಒಂದು ಒಳ್ಳೆಯ ಗುಣವೆಂದರೆ ತೂಕ ಇಳಿಯತೊಡಗಿದಾಗ ಬೇಗ ಕರಗುವುದರಲ್ಲಿ ಅದೂ ಒಂದು. ಫ್ಯಾಟಿ ಲಿವರ್ ಇದ್ದವರು ತೂಕದ ಶೇ. 5 ಇಳಿಸಿದರೆ ಯಕೃತ್ತಿನ ಕೊಬ್ಬು ಇಳಿಯುತ್ತದೆ, ಶೇ. 7 ಇಳಿಸಿದರೆ ಉರಿಯೂತ ತಗ್ಗುತ್ತದೆ, ಶೇ. 10 ಮುಟ್ಟಿದರೆ ಕಟ್ಟಿದ ನಾರೂ ಹಲವರಲ್ಲಿ ಹಿಂದೆ ಸರಿಯುತ್ತದೆ. 80 ಕಿಲೋ ಇರುವವರಿಗೆ ಇದು 4ರಿಂದ 8 ಕಿಲೋ. ಹೊಟ್ಟೆಗೆಂದೇ ಮಾಡುವ ಬಸ್ಕಿ, ನಡುಗಿಸುವ ಬೆಲ್ಟು ಇವುಗಳಿಂದ ಹೊಟ್ಟೆ ಮಾತ್ರ ಕರಗುವುದಿಲ್ಲ. ಕೊಬ್ಬು ಹೀರಿಸಿಕೊಳ್ಳುವ ಶಸ್ತ್ರಚಿಕಿತ್ಸೆಯೂ ಅಷ್ಟೇ. 2004ರ ಒಂದು ಅಧ್ಯಯನದಲ್ಲಿ ಚರ್ಮದಡಿಯಿಂದ ಸುಮಾರು 10 ಕಿಲೋ ಕೊಬ್ಬು ತೆಗೆದರೂ ಇನ್ಸುಲಿನ್ ಕೆಲಸ ಸುಧಾರಿಸಲಿಲ್ಲ. ಒಳಗಿನದು ಒಳಗೇ ಉಳಿದಿತ್ತಲ್ಲ.

ವಾರಕ್ಕೆ ಒಟ್ಟು 150 ನಿಮಿಷ ಮೈ ಬಿಸಿಯಾಗುವ ನಡಿಗೆ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಭಾರದ ಕೆಲಸ. ಅಮಾನಿಕೆರೆಯ ದಂಡೆಯಲ್ಲಿ ಬೆಳಿಗ್ಗೆ ನಡೆಯುವ ನಿಮಗೆ ಮೊದಲ ಭಾಗ ಹೇಳಬೇಕಿಲ್ಲ. ನಡಿಗೆ ಮುಗಿದಮೇಲೆ ಬೆಣ್ಣೆ ಹಾಕಿದ ಎರಡು ತಟ್ಟೆ ಇಡ್ಲಿ, ವಡೆ, ಸಕ್ಕರೆ ಹಾಕಿದ ಕಾಫಿ ಆಗುತ್ತದಲ್ಲ, ತಕರಾರು ಅದರ ಬಗ್ಗೆ. ತಟ್ಟೆ ಇಡ್ಲಿಯನ್ನು ಬೈದರೆ ಕ್ಯಾತ್ಸಂದ್ರದವರು ನನ್ನನ್ನು ದಾಟಲು ಬಿಡುವುದಿಲ್ಲ. ವಾರಕ್ಕೊಮ್ಮೆ ತಿನ್ನಿ, ಒಂದೇ ತಿನ್ನಿ. ಕಾಫಿ ಮಾತ್ರ ಬಿಡಬೇಡಿ. ಕಾಫಿ ಕುಡಿಯುವವರಲ್ಲಿ ಯಕೃತ್ತಿನ ನಾರು ಕಡಿಮೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಸಕ್ಕರೆಯ ಬಗ್ಗೆ ಹಾಗೆ ಯಾರೂ ಹೇಳಿಲ್ಲ.

(‘ಮುದ್ದೆ ಬಿಡಬೇಕೇ ಡಾಕ್ಟರೇ?’ ಎಂದು ಹಿಂದಿನಿಂದ ಒಬ್ಬ ರೈತರು.)

ಬಿಡಬೇಡಿ ಯಜಮಾನರೇ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ಆಹಾರದ ನಾರಿನಂಶವಿದೆ, ಬಿಳಿ ಅಕ್ಕಿ ಹತ್ತಿರಕ್ಕೂ ಬರುವುದಿಲ್ಲ. ಆದರೆ ಅದರಲ್ಲಿ 320 ಕ್ಯಾಲೊರಿಯೂ ಇದೆ. ಗುದ್ದಲಿ ಹಿಡಿದವರ ಎರಡು ಮುದ್ದೆ ಬೇರೆ, ಮಗನಿಗೆ ಜಮೀನು ವಹಿಸಿ ಜಗಲಿಯಲ್ಲಿ ಕುಳಿತವರ ಎರಡು ಮುದ್ದೆ ಬೇರೆ. ಒಂದು ಮುದ್ದೆ, ತಟ್ಟೆ ತುಂಬ ಸೊಪ್ಪಿನ ಬಸ್ಸಾರು, ಹುರುಳಿಯೋ ಅವರೆಯೋ ಕಾಳು. ಮುದ್ದೆಯ ಮೇಲೆ ಅನ್ನ ಬೇಡ. ತೆಂಗಿನಕಾಯಿಯ ಬಗ್ಗೆಯೂ ಕೇಳುತ್ತೀರಿ ಎಂದು ಗೊತ್ತು, ತಿಪಟೂರಿನವರು ಎರಡನೆಯ ಸಾಲಿನಲ್ಲೇ ಇದ್ದಾರೆ. ಚಟ್ನಿಯ ಕಾಯಿಗೆ ನನ್ನ ಅಡ್ಡಿಯಿಲ್ಲ. ಎಣ್ಣೆಯ ಡಬ್ಬ ತಿಂಗಳಿಗೆ ಎಷ್ಟು ಖಾಲಿಯಾಗುತ್ತದೆ ಎಂದು ಮೊದಲು ನೋಡಿ.

ಒಂದು ಎಚ್ಚರಿಕೆ. ಮಗಳ ಮದುವೆಗೆ ಮುಂಚೆ ಇಳಿಯಬೇಕೆಂದು ಉಪವಾಸ ಬಿದ್ದು ವಾರಕ್ಕೆ ಒಂದೂವರೆ ಕಿಲೋಗಿಂತ ಹೆಚ್ಚು ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಸಂಭವ ಏರುತ್ತದೆ. ಕರಗಿದ ಕೊಬ್ಬಿನ ಕೊಲೆಸ್ಟ್ರಾಲ್ ಪಿತ್ತಕ್ಕೆ ಸೇರುತ್ತದೆ, ಊಟವಿಲ್ಲದೆ ಪಿತ್ತಕೋಶ ಹಿಂಡುವುದಿಲ್ಲ. ವಾರಕ್ಕೆ ಅರ್ಧ ಕಿಲೋ ಸಾಕು.

(ಕೊನೆಯ ಪ್ರಶ್ನೆ ಕಾಲೇಜು ವಿದ್ಯಾರ್ಥಿಯದು: ‘ಸರ್, ವಾರಕ್ಕೊಂದು ಇಂಜೆಕ್ಷನ್ ಬಂದಿದೆಯಲ್ಲ, ಅಪ್ಪನಿಗೆ ಕೊಡಿಸಬಹುದೇ?’)

ಬಂದಿದೆ. ಟಿರ್ಜೆಪಟೈಡ್ ಮತ್ತು ತೂಕ ಇಳಿಸಲೆಂದೇ ಇರುವ ಸೆಮಾಗ್ಲುಟೈಡ್ ಎರಡೂ 2025ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದವು. ಕೆಲಸ ಮಾಡುತ್ತವೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅಪ್ಪನ ಸೊಂಟ, ಸಕ್ಕರೆ, ಯಕೃತ್ತಿನ ಸ್ಥಿತಿ ನೋಡಿ ವೈದ್ಯರು ಬರೆದುಕೊಡಬೇಕು, ಅಂಗಡಿಯಲ್ಲಿ ಕೇಳಿ ತರುವ ವಸ್ತುವಲ್ಲ. ಮೊದಲ ವಾರಗಳಲ್ಲಿ ವಾಕರಿಕೆ, ಮಲಬದ್ಧತೆ ಸಾಮಾನ್ಯ. ಪಿತ್ತಕೋಶದ ತೊಂದರೆ ಹೆಚ್ಚಬಹುದು, ಹಿಂದೆ ಮೇದೋಜೀರಕ ಗ್ರಂಥಿಯ ಉರಿಯೂತ ಬಂದಿದ್ದರೆ ಮೊದಲೇ ಹೇಳಬೇಕು. ಕಾಳು, ಮೊಟ್ಟೆ, ಮೊಸರು ಚೆನ್ನಾಗಿ ತಿನ್ನದೆ, ಭಾರ ಎತ್ತದೆ ಇದ್ದರೆ ಕೊಬ್ಬಿನ ಜೊತೆ ಮಾಂಸವೂ ಕರಗುತ್ತದೆ. ಇನ್ನು ಎಂಡೋಸ್ಕೋಪಿಗೋ ಶಸ್ತ್ರಚಿಕಿತ್ಸೆಗೋ ಹೋಗುವಾಗ ಈ ಇಂಜೆಕ್ಷನ್ ತೆಗೆದುಕೊಳ್ಳುತ್ತಿರುವುದನ್ನು ಅರಿವಳಿಕೆ ವೈದ್ಯರಿಗೆ ತಿಳಿಸಲೇಬೇಕು. ಇದು ಜಠರವನ್ನು ನಿಧಾನ ಮಾಡುವುದರಿಂದ ಹಿಂದಿನ ರಾತ್ರಿಯ ಊಟ ಬೆಳಿಗ್ಗೆಯೂ ಹೊಟ್ಟೆಯಲ್ಲೇ ಇರಬಹುದು.